ಬ್ಲೇಡಿಗೆ ಏಟು ಬಿದ್ದದ್ದು ಎಲ್ಲಿಂದ? ಮರದೊಳಗೆ ಅಡಗಿದ ಲೋಹ ಹುಡುಕುವ ಕೈಪಿಡಿ

ಮರದ ಮುಖ ಹೆರೆದು ಸಮ ಮಾಡುವ ಮೆಷಿನ್ನಾದ ಪ್ಲೇನರ್‌ನಿಂದ ಹೊರಬಂದ ಹಲಗೆಯ ಮೇಲೆ ಅಡ್ಡಕ್ಕೆ ಬೆರಳಾಡಿಸಿದರೆ ಕೂದಲೆಳೆಯಷ್ಟು ಸಣ್ಣ ಏಣು ತಗಲುತ್ತದೆ. ಈ ತುದಿಯಿಂದ ಆ ತುದಿಯವರೆಗೆ ನೇರ ಗೆರೆ. ಬೆಳಿಗ್ಗೆ ತೆಗೆದ ಹಲಗೆಗಳಲ್ಲಿ ಇರಲಿಲ್ಲ, ಮಧ್ಯಾಹ್ನದ ಹಲಗೆಗಳಲ್ಲೆಲ್ಲ ಇದೆ. ಬಹುಮಟ್ಟಿಗೆ ಇದರರ್ಥ ಒಂದೇ: ನಡುವೆ ಯಾವುದೋ ತುಂಡಿನಲ್ಲಿ ಮೊಳೆಯಿತ್ತು, ಬ್ಲೇಡು ಅದನ್ನು ಕಚ್ಚಿದೆ, ಮೆಷಿನ್ನಿನ ಸದ್ದಿನಲ್ಲಿ ಯಾರ ಕಿವಿಗೂ ಬಿದ್ದಿಲ್ಲ.

ಹಳೆ ಮನೆ ಕೆಡವಿದ ಮರ, ರಸ್ತೆ ಬದಿಯ ಮರ, ತೋಟದ ಬೇಲಿಯ ಮರ ಇವುಗಳ ಮೇಲೆ ಮೆಷಿನ್ ಓಡಿಸುವವರಿಗೆಲ್ಲ ಈ ತಲೆನೋವು ಗೊತ್ತು. ಒಂದು ಮೆಟಲ್ ಡಿಟೆಕ್ಟರ್ ಕೊಂಡರೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ನನ್ನ ಲೆಕ್ಕದಲ್ಲಿ ಡಿಟೆಕ್ಟರ್ ಬರುವುದು ಮೂರನೆಯದಾಗಿ. ಮೊದಲು ಬ್ಲೇಡಿನ ಗಾಯ ನೋಡಬೇಕು, ಆಮೇಲೆ ಆ ಮರ ಇಷ್ಟು ದಿನ ಎಲ್ಲಿತ್ತು ಎಂದು ವಿಚಾರಿಸಬೇಕು. ಇವೆರಡು ಆದರೆ ಡಿಟೆಕ್ಟರ್ ಅನ್ನು ಎಲ್ಲಿ ನಿಧಾನವಾಗಿ ಆಡಿಸಬೇಕು ಎಂಬುದು ತಾನೇ ಗೊತ್ತಾಗುತ್ತದೆ.

ಗಾಯ ಗುರುತಿಸುವುದು

ಪ್ಲೇನರ್ ಅಥವಾ ಹಲಗೆಯ ದಪ್ಪ ಸಮ ಮಾಡುವ ಥಿಕ್‌ನೆಸರ್‌ನಲ್ಲಿ ಮೊದಲು ನೋಡಬೇಕಾದ್ದು, ಹಲಗೆಯ ಮೇಲಿನ ಗೆರೆ ಉಬ್ಬಿದೆಯೋ ತಗ್ಗಿದೆಯೋ ಎಂದು. ಬ್ಲೇಡಿನ ಅಂಚು ಮುಕ್ಕಾಗಿದ್ದರೆ ಆ ಮುಕ್ಕಿನಷ್ಟು ಮರ ಕತ್ತರಿಸದೆ ಉಳಿಯುತ್ತದೆ, ಆದ್ದರಿಂದ ಗೆರೆ ಉಬ್ಬಿರುತ್ತದೆ. ತಗ್ಗಿದ ಗೀರಾದರೆ ಬೇರೆ ಕಾರಣ ಹುಡುಕಿ: ರೋಲರಿಗೆ ಅಂಟಿದ ಚಕ್ಕೆ, ಟೇಬಲ್ಲಿನ ಮೇಲೆ ಸಿಕ್ಕಿಕೊಂಡ ಲೋಹದ ಚೂರು, ಅಥವಾ ಏಟು ತಿಂದ ಬ್ಲೇಡಿನಲ್ಲೇ ಹೊರಗೆ ಚಾಚಿಕೊಂಡ ಮುಳ್ಳು. ಗೆರೆಯೇ ಇಲ್ಲದೆ ಅಲ್ಲಲ್ಲಿ ಸಣ್ಣ ಗುಳಿಗಳಷ್ಟೇ ಕಂಡರೆ ಅದು ಚಕ್ಕೆ ಸರಿಯಾಗಿ ಹೊರಹೋಗದೆ ಮರದ ಮೇಲೆ ಒತ್ತಿದ ಗುರುತು. ಬ್ಲೇಡಿನ ತಪ್ಪಲ್ಲ, ಹೊಟ್ಟು ಎಳೆಯುವ ಪೈಪು ಕಟ್ಟಿಕೊಂಡಿರಬಹುದು.

ಅನುಮಾನವಿದ್ದರೆ ಲೋಹವಿಲ್ಲ ಎಂದು ಖಾತ್ರಿಯಿರುವ ಹೊಸ ಹಲಗೆಯೊಂದನ್ನು ಬೇಲಿಪಟ್ಟಿಗೆ (ಹಲಗೆಯ ಅಂಚು ಒರಗುವ, ಮೆಷಿನ್ನಿನ ಪಕ್ಕದ ಪಟ್ಟಿ) ಒತ್ತಿ ಓಡಿಸಿ. ಏಣು ಅಂಚಿನಿಂದ ಎಷ್ಟು ದೂರದಲ್ಲಿದೆ ಅಳೆದುಕೊಳ್ಳಿ. ಹಲಗೆಯ ತುದಿಮೊದಲು ಬದಲಿಸಿ ಮತ್ತೆ ಓಡಿಸಿ. ಬೇಲಿಪಟ್ಟಿಯಿಂದ ಅಷ್ಟೇ ದೂರದಲ್ಲಿ ಏಣು ಮತ್ತೆ ಬಂದರೆ ದೋಷ ಬ್ಲೇಡಿನದೇ.

ಇಲ್ಲಿ ಗಮನಿಸುವಂಥದ್ದು ಇನ್ನೊಂದಿದೆ. ತಿರುಗುವ ಉರುಳೆಯಲ್ಲಿ ಎರಡೋ ಮೂರೋ ಬ್ಲೇಡುಗಳಿರುತ್ತವೆ. ಅವುಗಳಲ್ಲಿ ಒಂದೇ ಮುಕ್ಕಾಗಿದ್ದರೆ ಅದು ಬಿಟ್ಟ ಏಣನ್ನು ಹಿಂದೆ ಬರುವ ಬ್ಲೇಡು ಬಹುಪಾಲು ಕೆರೆದು ಹಾಕುತ್ತದೆ. ಎದ್ದುಕಾಣುವ ಏಣು ಉಳಿದಿದೆ ಎಂದರೆ ಎಲ್ಲ ಬ್ಲೇಡುಗಳೂ ಒಂದೇ ಜಾಗದಲ್ಲಿ ಪೆಟ್ಟು ತಿಂದಿವೆ. ಮೊಳೆ ಮಾಡುವುದು ಇದನ್ನೇ, ಒಂದರ ಹಿಂದೆ ಒಂದು ಬ್ಲೇಡು ಅದೇ ಮೊಳೆಯ ಮೇಲೆ ಬೀಳುತ್ತದೆ. ಬ್ಲೇಡು ಕೈಜಾರಿ ನೆಲಕ್ಕೆ ಬಿದ್ದು ಮುಕ್ಕಾಗಿದ್ದರೆ ಈ ರೀತಿ ಆಗುವುದಿಲ್ಲ. ತುರ್ತಿನ ಪರಿಹಾರವೂ ಇದರಲ್ಲೇ ಇದೆ. ಮೆಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಒಂದು ಬ್ಲೇಡನ್ನು ಮಾತ್ರ ಸಡಿಲಿಸಿ ಪಕ್ಕಕ್ಕೆ ಒಂದೆರಡು ಮಿಲಿಮೀಟರ್ ಜರುಗಿಸಿ, ಎತ್ತರ ಮೊದಲಿನಂತೆಯೇ ಹೊಂದಿಸಿ ಬಿಗಿ ಮಾಡಿ. ಮುಕ್ಕುಗಳು ಒಂದರ ಹಿಂದೆ ಒಂದು ಬರುವುದು ತಪ್ಪಿದರೆ ಏಣು ಮಾಯವಾಗುತ್ತದೆ. ಸಾಣೆಗೆ ಕೊಡಲು ಪುರುಸೊತ್ತು ಸಿಗುವವರೆಗೆ ಕೆಲಸ ಸಾಗುತ್ತದೆ. ಆದರೆ ಇದು ಸಣ್ಣ ಮುಕ್ಕಿಗಷ್ಟೇ. ಅಂಚಿನಿಂದ ಒಳಕ್ಕೆ ಬಿರುಕು ಓಡಿದ್ದರೆ ಆ ಬ್ಲೇಡನ್ನು ಮತ್ತೆ ತಿರುಗಿಸಲೇಬಾರದು.

ಪಟ್ಟಿಯಂಥ ಉದ್ದ ಬ್ಲೇಡು ಸುತ್ತುವ ಗರಗಸವಾದ ಬ್ಯಾಂಡ್‌ಸಾದಲ್ಲಿ ಲಕ್ಷಣ ಬೇರೆ. ನಿನ್ನೆವರೆಗೆ ನೇರ ಕೊಯ್ಯುತ್ತಿದ್ದದ್ದು ಇಂದು ಒಂದು ಪಕ್ಕಕ್ಕೆ ಎಳೆಯತೊಡಗಿದರೆ, ಆ ಪಕ್ಕದ ಹಲ್ಲುಗಳಲ್ಲ, ಎದುರು ಪಕ್ಕದವು ಏಟು ತಿಂದಿವೆ. ಬ್ಲೇಡು ಹರಿತ ಉಳಿದಿರುವ ಕಡೆಗೇ ಓಲುತ್ತದೆ. ಬಗ್ಗಿಸಿಟ್ಟ ಹಲ್ಲು ಮೊಳೆಗೆ ತಾಗಿ ಒಳಕ್ಕೆ ಮಡಚಿಕೊಂಡರೆ ಆ ಬದಿಯ ಕೊಯ್ತ ಕಿರಿದಾಗುತ್ತದೆ, ಪಟ್ಟಿ ಬಿಸಿಯೇರುತ್ತದೆ, ಮರದ ಮುಖ ಕಂದುತ್ತದೆ. ಇದಕ್ಕಿಂತ ಎಚ್ಚರ ವಹಿಸಬೇಕಾದ್ದು ಪ್ರತಿ ಸುತ್ತಿಗೊಮ್ಮೆ ಬರುವ 'ಟಿಕ್' ಸದ್ದು. ಬೆಸುಗೆ ಹಾಕಿದ ಜಾಗ ಸರಿಯಾಗಿ ಸಮವಾಗಿಲ್ಲದಿದ್ದರೂ ಈ ಸದ್ದು ಬರುತ್ತದೆ, ಬಿರುಕು ಬಿಟ್ಟಿದ್ದರೂ ಬರುತ್ತದೆ. ಎರಡನ್ನೂ ಸದ್ದಿನಿಂದ ಬೇರ್ಪಡಿಸಲು ಹೋಗಬೇಡಿ. ನಿಲ್ಲಿಸಿ, ಕರೆಂಟು ತೆಗೆದು, ಕೈಗವಸು ಹಾಕಿಕೊಂಡು ಪಟ್ಟಿಯನ್ನು ಕೈಯಿಂದ ನಿಧಾನ ತಿರುಗಿಸುತ್ತ ಹಲ್ಲಿನ ಬುಡದ ಕುಳಿಗಳನ್ನು ನೋಡಿ, ಬಿರುಕು ಹುಟ್ಟುವುದು ಅಲ್ಲೇ. ಕಣ್ಣಿಗೆ ಕಾಣದಿದ್ದರೆ ಗ್ಯಾರೇಜಿನವರ ಹಳೆಯ ಉಪಾಯವಿದೆ: ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ ಸ್ವಲ್ಪ ಹೊತ್ತು ಬಿಡಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಮೇಲೆದ್ದು ಸುಣ್ಣದ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ.

ಟೇಬಲ್ ಸಾದ (ಮೇಜಿನ ನಡುವೆ ಎದ್ದು ತಿರುಗುವ ದುಂಡು ಗರಗಸ) ಹಲ್ಲಿನ ತುದಿಗೆ ಕೂರಿಸಿದ ಕಾರ್ಬೈಡ್ ಗಟ್ಟಿ, ಆದರೆ ಪೆಡಸು. ಉಕ್ಕಿನಂತೆ ಮಡಚುವುದಿಲ್ಲ, ಚಕ್ಕೆಯೇಳುತ್ತದೆ. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿಂದ ಆರಂಭಿಸಿ ಒಂದೊಂದನ್ನೂ ಒಳ್ಳೆಯ ಬೆಳಕಿನಲ್ಲಿ ಉಗುರಿನಿಂದ ಸವರಿ ನೋಡಿ. ತುದಿ ಪೂರ್ತಿ ಹಾರಿಹೋಗಿದ್ದರೆ ಎಷ್ಟು ಹಾರಿವೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಆ ಚೂರುಗಳು ಎಲ್ಲೋ ಇವೆ, ಮತ್ತು ಅವು ಮರದಲ್ಲೇ ಹೂತಿದ್ದರೆ ಮುಂದಿನ ಬ್ಲೇಡಿಗೆ ಮೊಳೆಗಿಂತ ಕೆಟ್ಟವು. ಕಾರ್ಬೈಡಿನಲ್ಲಿ ಕೋಬಾಲ್ಟ್ ಬೆರೆತಿರುವುದರಿಂದ ಬಲವಾದ ಅಯಸ್ಕಾಂತಕ್ಕೆ ಅದು ಅಂಟುತ್ತದೆ, ಹುಡುಕಲು ಅದನ್ನೇ ಬಳಸಿ. ಕೊನೆಗೆ, ಸ್ಥಿರವಾಗಿ ನಿಲ್ಲಿಸಿದ ಒಂದು ಕಡ್ಡಿಯ ಮುಂದೆ ಬ್ಲೇಡನ್ನು ಕೈಯಿಂದ ತಿರುಗಿಸಿ ನಡುವಿನ ಸಂದು ಹೆಚ್ಚುಕಡಿಮೆ ಆಗುತ್ತದೆಯೇ ನೋಡಿ. ಹಾಗೆ ಆಗುತ್ತಿದ್ದರೆ ಬ್ಲೇಡಿನ ತಟ್ಟೆಯೇ ಬಾಗಿದೆ, ಅದು ಗುಜರಿಗೆ.

ಬಡಿದ ಆ ಗಳಿಗೆ

'ಟಣ್' ಎಂದಾಗ ಅಥವಾ ಕಿಡಿ ಕಂಡಾಗ ಮರವನ್ನು ಹಿಂದಕ್ಕೆ ಎಳೆಯಬೇಕು ಅನಿಸುತ್ತದೆ. ಟೇಬಲ್ ಸಾದಲ್ಲಿ ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ, ಬ್ಲೇಡಿನ ಹಿಂಬದಿ ಮರವನ್ನು ಹಿಡಿದು ನಿಮ್ಮತ್ತಲೇ ಎಸೆಯುತ್ತದೆ. ಮರ ಇದ್ದಲ್ಲೇ ಒತ್ತಿ ಹಿಡಿದು ಸ್ವಿಚ್ ಆರಿಸಿ, ಬ್ಲೇಡು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಮುಖಕ್ಕೆ ಕನ್ನಡಕವೋ ಗುರಾಣಿಯೋ ಇಲ್ಲದೆ ಹಳೆ ಮರ ಕೊಯ್ಯುವವರಿಗೆ ನನ್ನ ಹತ್ತಿರ ಹೇಳಲು ಬೇರೇನೂ ಇಲ್ಲ.

ಹೊಟ್ಟು ಎಳೆಯುವ ಯಂತ್ರವಿದ್ದರೆ ಅದನ್ನೂ ನಿಲ್ಲಿಸಿ. ಬ್ಲೇಡಿನಿಂದ ಹಾರಿದ ಕಿಡಿಯೋ ಕಾದ ಲೋಹದ ಚೂರೋ ಪೈಪಿನ ಮೂಲಕ ಚೀಲ ಸೇರಿರುತ್ತದೆ. ಒಣ ಹೊಟ್ಟಿನೊಳಗೆ ಹೊಗೆಯೂ ಕಾಣದಂತೆ ಬಹಳ ಹೊತ್ತು ಕನಲುತ್ತಿದ್ದು, ಎಲ್ಲರೂ ಬೀಗ ಹಾಕಿ ಮನೆಗೆ ಹೋದ ಮೇಲೆ ಹೊತ್ತಿಕೊಳ್ಳಬಹುದು. ಚೀಲವನ್ನು ಹೊರಗೆ ತಗಡಿನ ಡಬ್ಬಕ್ಕೆ ಸುರಿದು ನೀರು ಚಿಮುಕಿಸಿ. ಕೆಲಸ ನಿಲ್ಲಿಸಬೇಕಾಗಿ ಬಂದದ್ದಕ್ಕೆ ಬೇಸರವಾಗುತ್ತದೆ ನಿಜ, ಆದರೂ ಇದನ್ನು ಬಿಡುವ ಹಾಗಿಲ್ಲ.

ಆಮೇಲೆ ಕೊಯ್ದ ಮುಖ ನೋಡಿ. ಹೊಸದಾಗಿ ಕಡಿದ ಲೋಹ ಪಳಪಳ ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ. ಅದರ ಸುತ್ತ, ಮುಖ್ಯವಾಗಿ ಎಳೆಯುದ್ದಕ್ಕೆ, ನೀಲಿಗಪ್ಪು ಪಟ್ಟೆ ಇದ್ದರೆ ಅದು ಕಬ್ಬಿಣ. ಮರದ ಒಗರಿನ ಅಂಶವಾದ ಟ್ಯಾನಿನ್, ಕಬ್ಬಿಣ ಮತ್ತು ತೇವ ಮೂರೂ ಸೇರಿದರೆ ಮಸಿಯಂಥ ಕಪ್ಪು ಹುಟ್ಟುತ್ತದೆ. ಒಂದು ಕಾಲದಲ್ಲಿ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಕ್ರಿಯೆಯಿಂದ. ಜಾಲಿ, ಮತ್ತಿಯಂಥ ಒಗರು ಹೆಚ್ಚಿರುವ ಮರಗಳಲ್ಲಿ ಕಪ್ಪು ಎದ್ದುಕಾಣುತ್ತದೆ. ದಿಮ್ಮಿಯ ತುದಿಯಲ್ಲೇ ಅಂಥ ಕಪ್ಪು ಚುಕ್ಕೆ ಕಂಡರೆ ಮೆಷಿನ್ನಿಗೆ ಕೊಡುವ ಮೊದಲೇ ಎಚ್ಚರಿಕೆ ಸಿಕ್ಕಂತೆ.

ಲೋಹವೇ ಅಲ್ಲದಿದ್ದರೆ?

ಬ್ಲೇಡು ಬೇಗ ಬೇಗ ಮೊಂಡಾಗುತ್ತಿದೆ, ಆದರೆ ಎಲ್ಲೂ ಮುಕ್ಕು ಇಲ್ಲ, ಅಂಚು ಉದ್ದಕ್ಕೂ ಒಂದೇ ಸಮ ಉರುಟಾಗಿದೆ ಎಂದಾದರೆ ಲೋಹದ ಬೆನ್ನು ಬೀಳಬೇಡಿ. ತೇಗದ ಮರದಲ್ಲೇ ಸಿಲಿಕಾ ಇರುತ್ತದೆ, ಅದು ಉಕ್ಕಿನ ಬ್ಲೇಡನ್ನು ಸವೆಸುತ್ತದೆ. ದಿಮ್ಮಿಯನ್ನು ಎಳೆದು ತಂದಾಗ ತೊಗಟೆಯ ಬಿರುಕಿಗೆ ಮಣ್ಣು, ಮರಳು ತುಂಬಿಕೊಂಡಿರುತ್ತವೆ. ಹಳೆ ತೊಲೆಯ ಎರಡೂ ತುದಿಗಳು ಗೋಡೆಯೊಳಗೆ ಕೂತಿದ್ದವು, ಅಲ್ಲಿ ಗಾರೆ ಎಳೆಯ ಸಂದಿಗೆಲ್ಲ ಇಳಿದಿರುತ್ತದೆ. ಗೋಡೆಯೊಳಗಿದ್ದಷ್ಟು ಭಾಗವನ್ನು ಕೈಗರಗಸದಿಂದ ಕತ್ತರಿಸಿ ಬಿಡುವುದೇ ಲೇಸು, ಉಳಿಸಿಕೊಂಡು ಲಾಭವಿಲ್ಲ. ಇವು ಯಾವುದಕ್ಕೂ ಡಿಟೆಕ್ಟರ್ ಕೂಗುವುದಿಲ್ಲ. ತೊಗಟೆ ಕೆತ್ತುವುದು, ನೀರು ಹಾಯಿಸಿ ತೊಳೆಯುವುದು, ಗಟ್ಟಿ ನಾರಿನ ಬ್ರಷ್ಷಿನಿಂದ ಉಜ್ಜುವುದು, ಇಷ್ಟೇ ದಾರಿ. ತಂತಿ ಬ್ರಷ್ ಬಳಸುವವರು ಅದರಿಂದ ಉದುರಿದ ತಂತಿ ಮರದಲ್ಲೇ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು.

ಮರದ ಪೂರ್ವಾಶ್ರಮ

ಮರದೊಳಗಿನ ಮೊಳೆ ಮನಸ್ಸಿಗೆ ಬಂದಲ್ಲಿ ಇರುವುದಿಲ್ಲ. ಆ ಮರ ಹಿಂದೆ ಯಾವ ಕೆಲಸ ಮಾಡುತ್ತಿತ್ತೋ ಆ ಕೆಲಸಕ್ಕೆ ಬೇಕಾದ ಜಾಗದಲ್ಲೇ ಇರುತ್ತದೆ. ಮರ ಕೊಳ್ಳುವಾಗ ಬೆಲೆ ಕೇಳುವ ಮೊದಲು ಇದನ್ನು ಕೇಳಿ: ಎಲ್ಲಿಯದು, ಏನಾಗಿತ್ತು?

ಹೆಂಚಿನ ಮನೆಯ ಮರವನ್ನೇ ತೆಗೆದುಕೊಳ್ಳಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿ, ಮಲೆನಾಡುಗಳ ಛಾವಣಿಗಳು ಬಹುತೇಕ ಒಂದೇ ಅಚ್ಚಿಗೆ ಬಂದವು. ಇಳಿಜಾರಿನುದ್ದಕ್ಕೆ ಹಾಕಿದ ಪಕಾಸಿಯ ಮೇಲೆ ಅಡ್ಡಕ್ಕೆ ತೆಳು ರೀಪು, ರೀಪಿನ ಮೇಲೆ ಹೆಂಚು. ಹೆಂಚಿನ ಅಳತೆ ಒಂದೇ ಆದ್ದರಿಂದ ರೀಪುಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಒಂದೇ, ಸುಮಾರು ಒಂದು ಅಡಿ. ಅಂದರೆ ಪಕಾಸಿಯ ಮೇಲ್ಮುಖದಲ್ಲಿ ಅಡಿಗೊಂದರಂತೆ ಮೊಳೆ ಇದ್ದೇ ಇರಬೇಕು. ಕಿತ್ತ ಮೊಳೆಗಳ ತೂತುಗಳ ಮೇಲೆ ಟೇಪು ಹಿಡಿದು ನೋಡುತ್ತ ಹೋಗಿ. ಸಾಲಿನಲ್ಲಿ ಒಂದು ಕಡೆ ತೂತೇ ಕಾಣದಿದ್ದರೆ ಅಲ್ಲಿ ಮೊಳೆ ಇರಲಿಲ್ಲ ಎಂದುಕೊಳ್ಳಬೇಡಿ. ತಲೆ ತುಕ್ಕು ಹಿಡಿದು ಉದುರಿ ಕಾಂಡ ಒಳಗೇ ಉಳಿದಿರುವ ಸಾಧ್ಯತೆಯೇ ಹೆಚ್ಚು. ರೀಪಿನಲ್ಲಾದರೆ ಇದೇ ಲೆಕ್ಕ ಪಕಾಸಿಗಳ ಅಂತರಕ್ಕೆ ಹೊಂದುತ್ತದೆ. ಪಕಾಸಿಯ ಬುಡ ಗೋಡೆತೊಲೆಗೆ ಕೂರುವ ಜಾಗದಲ್ಲಿ ಮಾತ್ರ ದಪ್ಪ ಮೊಳೆ, ಹಳೆ ಮನೆಗಳಲ್ಲಿ ಕಮ್ಮಾರ ಬಡಿದು ಮಾಡಿದ ಚೌಕ ಮೊಳೆ. ಅದು ಅಡ್ಡಬಿದ್ದರೆ ಯಾವ ಬ್ಲೇಡೂ ಉಳಿಯುವುದಿಲ್ಲ.

ಬಾಗಿಲ ಚೌಕಟ್ಟು ಇನ್ನೊಂದು ಕಥೆ. ಹೆಬ್ಬಾಗಿಲಿನ ಮೇಲಿನ ಪಟ್ಟಿಯಲ್ಲಿ ಪ್ರತಿ ಹಬ್ಬಕ್ಕೂ ಮಾವಿನ ತೋರಣ ಕಟ್ಟಲು ಹೊಡೆದ ಸಣ್ಣ ಮೊಳೆಗಳು, ಗುಂಡುಪಿನ್ನುಗಳು ಸಾಲುಗಟ್ಟಿರುತ್ತವೆ. ಹಳೆಯದು ಬಾಗಿದರೆ ಪಕ್ಕದಲ್ಲಿ ಹೊಸದು, ಅದರ ಮೇಲೆ ಬಣ್ಣ. ಇಡೀ ಚೌಕಟ್ಟಿನಲ್ಲಿ ನಾನು ಅತಿ ಹೆಚ್ಚು ನಂಬದ ಜಾಗ ಇದೇ. ಹೊಸ್ತಿಲಿಗೆ ಕುದುರೆ ಲಾಳ ಬಡಿದಿದ್ದರೆ ಲಾಳ ಹೋಗಿಯೂ ಅದರ ಮೊಳೆಗಳು ಉಳಿದಿರುತ್ತವೆ. ಬಾಗಿಲು ನಿಲ್ಲಿಸುವ ದಿನ ಹೊಸ್ತಿಲ ಕೆಳಗೆ ಪಂಚಲೋಹದ ಚೂರು, ನಾಣ್ಯ ಇಡುವ ರೂಢಿಯೂ ಇದೆಯಲ್ಲ, ಹೊಸ್ತಿಲಿನ ತಳಭಾಗದ ಗುಳಿಗಳನ್ನು ಕೆದಕಿ ನೋಡಿ. ತಾಮ್ರ, ಬೆಳ್ಳಿ ಅಯಸ್ಕಾಂತಕ್ಕೆ ಸಿಗುವಂಥವಲ್ಲ. ಪಕ್ಕದ ಕಂಬಗಳಲ್ಲಿ ಹಿಂಜ್ ಇದ್ದ ಕಡೆ ತಲೆ ಮುರಿದ ಸ್ಕ್ರೂ, ಗೋಡೆ ಕಡೆಯ ಮುಖದಲ್ಲಿ ಚೌಕಟ್ಟನ್ನು ಗೋಡೆಗೆ ಹಿಡಿಸುವ ಹೋಲ್ಡ್‌ಫಾಸ್ಟ್ ಪಟ್ಟಿಯ ಸ್ಕ್ರೂ. ಹಿಂಜಿನ ಸ್ಕ್ರೂ ಹಿತ್ತಾಳೆಯದಾದರೆ ಸುತ್ತ ಕಪ್ಪು ಕಲೆಯೂ ಇರುವುದಿಲ್ಲ.

ತೊಲೆ ಜಂತೆಗಳಲ್ಲಿ ತೊಟ್ಟಿಲಿನ, ತೂಗುಮಣೆಯ ಕೊಕ್ಕೆಗಳು ನಡುಭಾಗದಲ್ಲಿರುತ್ತವೆ. ಇವುಗಳ ಕಾಂಡ ಬಹಳ ಆಳಕ್ಕೆ ಹೋಗಿರುತ್ತದೆ, ಮೇಲಿನ ಬಳೆ ಕತ್ತರಿಸಿ ತೆಗೆದು ಮಾರಿದ ತೊಲೆಗಳೂ ಬರುತ್ತವೆ. ಹಳೆಯ ಬ್ಯಾಟನ್ ವೈರಿಂಗ್ (ಮರದ ಪಟ್ಟಿಯ ಮೇಲೆ ಕೂರಿಸಿದ ವೈರು) ಓಡಿದ ದಾರಿಯಲ್ಲಿ ಸಣ್ಣ ತಗಡಿನ ಕ್ಲಿಪ್ಪುಗಳು, ಅವುಗಳ ಪುಟ್ಟ ಮೊಳೆಗಳು. ಮರದ ಬಣ್ಣದಲ್ಲಿ ತಿಳಿಯಾದ ನೇರ ಪಟ್ಟೆ ಕಂಡರೆ ಅದೇ ವೈರಿನ ದಾರಿ.

ಇನ್ನು ಹಸಿ ದಿಮ್ಮಿ. ಮರ ಎತ್ತರಕ್ಕೆ ಬೆಳೆಯುವುದು ತುದಿಯಲ್ಲಿ. ಕಾಂಡ ದಪ್ಪವಾಗುತ್ತದೆಯೇ ಹೊರತು ಮೇಲಕ್ಕೆ ಏರುವುದಿಲ್ಲ. ಎದೆಮಟ್ಟಕ್ಕೆ ಹೊಡೆದ ಮೊಳೆ ನಲವತ್ತು ವರ್ಷವಾದರೂ ಎದೆಮಟ್ಟದಲ್ಲೇ ಇರುತ್ತದೆ, ಹೊರಗಿನಿಂದ ಮರ ಅದನ್ನು ಮುಚ್ಚಿಕೊಳ್ಳುತ್ತದೆ ಅಷ್ಟೇ. ಹಾಗಾಗಿ ಬುಡದ ಮೊದಲ ಆರೇಳು ಅಡಿಯೇ ಕಾಟದ ಜಾಗ, ದುರದೃಷ್ಟಕ್ಕೆ ಒಳ್ಳೆಯ ಹಲಗೆ ಬರುವುದೂ ಅಲ್ಲಿಂದಲೇ. ಆಳ ಎಷ್ಟಿರಬಹುದು ಎಂಬ ಲೆಕ್ಕವೂ ಸುಲಭ. ಮರ ಒಂದು ಅಡಿ ಅಡ್ಡಳತೆ ಇದ್ದಾಗ ಮೊಳೆ ಹೊಡೆದು, ಈಗ ಎರಡು ಅಡಿ ಆಗಿದ್ದರೆ, ಹೆಚ್ಚಿದ್ದರ ಅರ್ಧ, ಅಂದರೆ ಸುಮಾರು ಆರು ಇಂಚು ಒಳಗೆ ಮೊಳೆಯ ತಲೆ ಇದೆ. ಅಷ್ಟು ಆಳದ ಒಂಟಿ ಮೊಳೆಯನ್ನು ಕೈಯಲ್ಲಿ ಹಿಡಿಯುವ ಸಣ್ಣ ಡಿಟೆಕ್ಟರ್ ಹಿಡಿಯುತ್ತದೆ ಎಂದು ನೆಚ್ಚುವ ಹಾಗಿಲ್ಲ.

ಬೆಂಗಳೂರಿನ ರಸ್ತೆ ಬದಿಯ ಮರಗಳು ಈ ವಿಷಯದಲ್ಲಿ ಅತ್ಯಂತ ಕೆಟ್ಟವು. ಟ್ಯೂಷನ್, ಪಿಜಿ, ಮನೆ ಬಾಡಿಗೆಯ ಫಲಕಗಳ ಮೊಳೆ, ದೀಪದ ಸರಗಳ ಸ್ಟೇಪಲ್, ಎಲ್ಲವೂ ಪದರ ಪದರವಾಗಿ. ಮರ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಒಂದು ಬ್ಲೇಡಿನ ಬೆಲೆಯನ್ನೂ ಅದಕ್ಕೆ ಕೂಡಿಸಿ ನೋಡಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಅಂಚಿನ ಸಿಲ್ವರ್ ಓಕ್ ಮರಗಳನ್ನೇ ಬೇಲಿಗಂಬ ಮಾಡಿಕೊಂಡಿರುತ್ತಾರೆ, ಮುಳ್ಳುತಂತಿ ಮರದೊಳಗೇ ಹೂತುಹೋಗಿರುತ್ತದೆ. ತೊಗಟೆಯ ಮೇಲೆ ಅಡ್ಡಕ್ಕೆ ತುಟಿಯಂತೆ ಮಡಿಕೆ ಕಂಡರೆ ಅದರೊಳಗೆ ತಂತಿ ಇದೆ. ಒಂದು ಮಡಿಕೆ ಕಂಡರೆ ಅದರ ಮೇಲೂ ಕೆಳಗೂ ಬೇಲಿಯ ಉಳಿದ ಎಳೆಗಳಿಗಾಗಿ ಹುಡುಕಿ. ಸುಳ್ಯ, ಪುತ್ತೂರಿನ ಕಡೆಯ ರಬ್ಬರ್ ಮರದಲ್ಲಿ ಹಾಲು ಇಳಿಸುವ ತಗಡಿನ ನಾಲಿಗೆ, ಚಿಪ್ಪು ಕಟ್ಟುವ ತಂತಿ ಇವು ಗಾಯ ಮಾಡಿದ ಪಟ್ಟಿಯ ಆಸುಪಾಸಿನಲ್ಲೇ ಇರುತ್ತವೆ. ಕಾಡಂಚಿನ ಮರದಲ್ಲಿ ಕೋವಿಯ ಚರೆ ಸಿಗುವುದುಂಟು. ಸೀಸ ಮೆತ್ತಗಿನದು, ಬ್ಲೇಡು ಅದನ್ನು ಕೊಯ್ದುಕೊಂಡು ಹೋಗುತ್ತದೆ, ಬೂದುಬಣ್ಣದ ಹೊಳಪು ಗೀರು ಮಾತ್ರ ಉಳಿಯುತ್ತದೆ. ಹಳೆ ದೋಣಿಯ ಮರದ ಬಗ್ಗೆ ಒಂದೇ ಮಾತು: ಅದನ್ನು ಮೆಷಿನ್ನಿಗೆ ಕೊಡಲೇಬೇಡಿ.

ಡಿಟೆಕ್ಟರ್ ತಪ್ಪು ಹೇಳುವುದು ಏಕೆ

ಬರೀ ಅಯಸ್ಕಾಂತ ಸಾಕು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬಲವಾದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ನಿಧಾನ ಹಾಯಿಸಿದರೆ ಮೇಲ್ಪದರದ ಕಬ್ಬಿಣ ಅದನ್ನು ಎಳೆಯುತ್ತದೆ, ನಿಜ. ಜಾಗ ನಿಖರವಾಗಿ ಗುರುತಿಸಲು ಅದು ಒಳ್ಳೆಯದೇ. ಆದರೆ ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ, ಸೀಸಕ್ಕೆ ಅದು ಮಿಸುಕುವುದಿಲ್ಲ, ಬಹುಪಾಲು ಸ್ಟೇನ್‌ಲೆಸ್ ಸ್ಕ್ರೂಗಳಿಗೂ ಇಲ್ಲವೆಂದೇ ಹೇಳಬೇಕು. ಡಿಟೆಕ್ಟರ್ ಬೇಕು. ಮಾಲ್ ಬಾಗಿಲಲ್ಲಿ ಕಾವಲಿನವರು ಹಿಡಿದಿರುವಂಥ ಕೋಲು ಸಾಕು, ಹಲಗೆಗಳಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಡಬ್ಬದ ಮೇಲೆ ಬರೆದ ಆಳವನ್ನು ನಂಬುವ ಬದಲು ನೀವೇ ಅಳೆಯಿರಿ. ಶುದ್ಧವಾದ ಒಂದು ಇಂಚಿನ ಹಲಗೆಯ ಕೆಳಗೆ ಒಂದು ಮೊಳೆ ಮಲಗಿಸಿ ಡಿಟೆಕ್ಟರ್ ಹಾಯಿಸಿ. ಕೂಗಿದರೆ ಇನ್ನೊಂದು ಹಲಗೆ ಮೇಲಿಡಿ. ಹೀಗೆ ಏರಿಸುತ್ತ ಸದ್ದು ನಿಂತಾಗ ನಿಮ್ಮ ಡಿಟೆಕ್ಟರಿನ ನಿಜವಾದ ಆಳ ಸಿಕ್ಕಿತು. ಆಮೇಲೆ ಅದೇ ಮೊಳೆಯನ್ನು ನೆಟ್ಟಗೆ ನಿಲ್ಲಿಸಿ, ಸಣ್ಣ ಹಿತ್ತಾಳೆ ಸ್ಕ್ರೂ ಇಟ್ಟು ಕೂಡ ನೋಡಿ. ಬೇರೆ ಬೇರೆ ಉತ್ತರ ಬರುತ್ತದೆ. ಅತಿ ಕಡಿಮೆ ಬಂದ ಆಳವನ್ನೇ ಲೆಕ್ಕಕ್ಕೆ ಹಿಡಿಯಿರಿ. ಅದು ಎರಡು ಇಂಚು ಎಂದು ಬಂದರೆ, ಆರು ಇಂಚಿನ ತೊಲೆಯನ್ನು ನಾಲ್ಕೂ ಮುಖದಿಂದ ನೋಡಿದರೂ ನಡುವೆ ಎರಡು ಇಂಚು ಕತ್ತಲೆಯೇ. ಆದ್ದರಿಂದ ದಪ್ಪ ಮರವನ್ನು ಒಂದೊಂದು ಹಲಗೆ ಕೊಯ್ದ ಮೇಲೂ ಹೊಸದಾಗಿ ತೆರೆದ ಮುಖವನ್ನು ಮತ್ತೆ ಹಾಯಬೇಕು. ಇದೊಂದು ಶಿಸ್ತು ಇದ್ದರೆ ಅರ್ಧ ಬ್ಲೇಡುಗಳು ಉಳಿಯುತ್ತವೆ.

ಎಲ್ಲಿ ಹಿಡಿದರೂ ಕೂಗುತ್ತಿದೆಯೇ? ಮೊದಲು ನಿಮ್ಮ ಕೈಯ ವಾಚು, ಉಂಗುರ, ಉಕ್ಕಿನ ತುದಿಯ ಶೂ. ಆಮೇಲೆ ಮರ ಇಟ್ಟಿರುವ ಜಾಗ: ಕಬ್ಬಿಣದ ಮೇಜು, ಕಾಂಕ್ರೀಟ್ ನೆಲದೊಳಗಿನ ಸರಳು, ಮೊಳೆ ಹೊಡೆದ ಸ್ಟ್ಯಾಂಡು. ಮೊಳೆಯಿಲ್ಲದೆ ಕೂಡಿಸಿದ ಮರದ ಎತ್ತರದ ಸ್ಟ್ಯಾಂಡ್ ಒಂದನ್ನು ಇದಕ್ಕಾಗಿಯೇ ಇಟ್ಟುಕೊಳ್ಳಿ. ಅದೂ ಅಲ್ಲವೆಂದರೆ ಮರದ ತೇವ. ಹಸಿ ದಿಮ್ಮಿ, ಅದರಲ್ಲೂ ಉಪ್ಪುನೀರು ಕುಡಿದ ಮರ, ಸ್ವಲ್ಪ ಮಟ್ಟಿಗೆ ವಿದ್ಯುತ್ ಹರಿಸುತ್ತದೆ, ಸೂಕ್ಷ್ಮತೆ ಹೆಚ್ಚಿಟ್ಟ ಡಿಟೆಕ್ಟರ್ ಅದಕ್ಕೂ ಕೂಗುತ್ತದೆ. ಸೂಕ್ಷ್ಮತೆ ತಗ್ಗಿಸಿ, ತೇವದಿಂದ ಬರುವ ಸದ್ದು ಉದ್ದಕ್ಕೂ ಹರಡಿರುತ್ತದೆ, ಮೊಳೆಯದು ಒಂದೇ ಕಡೆ ಏರಿ ಇಳಿಯುತ್ತದೆ.

ಎಲ್ಲೂ ಕೂಗದಿದ್ದರೆ ಬ್ಯಾಟರಿ ನೋಡಿ. ಮರಕ್ಕೊಂದು ಸಲ ಪರೀಕ್ಷೆಯ ಮೊಳೆ ಮುಂದೆ ಹಿಡಿದು ಸದ್ದು ಮಾಡಿಸಿಯೇ ಶುರು ಮಾಡಿ. ಕೆಲವು ಡಿಟೆಕ್ಟರ್‌ಗಳು ಚಲನೆಯಲ್ಲಿದ್ದಾಗ ಮಾತ್ರ ಹಿಡಿಯುತ್ತವೆ, ಒಂದೇ ಕಡೆ ನಿಲ್ಲಿಸಿದರೆ ಸುಮ್ಮನಾಗುತ್ತವೆ.

ಕೂಗುತ್ತದೆ, ಅಗೆದರೆ ಏನೂ ಇಲ್ಲ ಎಂಬ ದೂರು ಎಲ್ಲರದೂ. ಮೊಳೆ ಎದುರು ಮುಖಕ್ಕೆ ಹತ್ತಿರವಿರಬಹುದು, ನಾಲ್ಕೂ ಕಡೆಯಿಂದ ಹಾಯಿಸಿ ಎಲ್ಲಿ ಜೋರು ಎಂದು ನೋಡಿ. ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹಾಯಿಸಿ ಸದ್ದು ಶುರುವಾದ, ನಿಂತ ಜಾಗಗಳಿಗೆ ಗೆರೆ ಎಳೆದರೆ ಗೆರೆಗಳು ಕೂಡುವ ಕಡೆ ಮೊಳೆ.

ಹೊರಗೆ ತೆಗೆಯುವುದು

ಮೊಳೆಯ ತಲೆ ಸಿಕ್ಕದಿದ್ದರೆ ಸುತ್ತಿಗೆಯಿಂದ ಇನ್ನೂ ಒಳಗೆ ಹೊಡೆದು 'ಬ್ಲೇಡಿಗೆ ಸಿಗದ ಹಾಗೆ' ಮಾಡುವ ಅಭ್ಯಾಸವಿದೆ. ಮುಂದೆ ಅದೇ ಮರವನ್ನು ಕೊಯ್ಯುವವರಿಗೆ ಮಾಡುವ ಮೋಸ ಅದು. ಮೊಳೆಯ ತುದಿ ಹಿಂಬದಿಗೆ ಹಾದಿದ್ದರೆ ಮಾತ್ರ ಅತ್ತಲಿಂದ ಪಂಚಿಟ್ಟು ಹೊಡೆದು ತಲೆ ಎತ್ತಿಸಿ, ಇಕ್ಕಳಕ್ಕೆ ಸಿಗುವಂತೆ ಮಾಡಿ ಎಳೆಯಿರಿ.

ಹಾದಿಲ್ಲದಿದ್ದರೆ ಹಳೆಯ, ಹಾಳಾದರೂ ಚಿಂತೆಯಿಲ್ಲದ ಉಳಿಯಿಂದ ತಲೆಯ ಸುತ್ತ ಎಳೆಯುದ್ದಕ್ಕೆ ಕಚ್ಚು ತೆಗೆಯಿರಿ. ಎಳೆಗೆ ಅಡ್ಡ ಅಗೆದರೆ ಗುಳಿ ದೊಡ್ಡದಾಗಿ ಕಾಣುತ್ತದೆ. ತುಕ್ಕು ಹಿಡಿದದ್ದನ್ನು ಒಮ್ಮೆಲೇ ಎಳೆದರೆ ನಡುವೆ ಮುರಿಯುತ್ತದೆ. ಮೊದಲು ಸ್ವಲ್ಪ ಒಳಕ್ಕೆ ತಟ್ಟಿ ಹಿಡಿತ ಬಿಡಿಸಿ, ಇಕ್ಕಳದಲ್ಲಿ ಹಿಡಿದು ತುಸು ತಿರುಚುತ್ತ ಎಳೆಯಿರಿ. ಮುರಿದ ಸ್ಕ್ರೂವಾದರೆ ಅದಕ್ಕಿಂತ ತುಸು ಅಗಲದ ಪೊಳ್ಳು ಕೊಳವೆಯ ತುದಿಗೆ ಹಲ್ಲು ಉಜ್ಜಿ, ಡ್ರಿಲ್ಲಿಗೆ ಹಾಕಿ ಸ್ಕ್ರೂವಿನ ಸುತ್ತ ಇಳಿಸಿ, ಬಿಲ್ಲೆಯ ಸಮೇತ ತೆಗೆದು ಅದೇ ಜಾತಿಯ ಮರದ ಬಿರಡೆ ಬಡಿಯಬಹುದು.

ಹೊರಬಂದ ಪ್ರತಿ ಮೊಳೆಯ ಚೂಪು ನೋಡಿ. ಚೂಪಿಲ್ಲದಿದ್ದರೆ ಉಳಿದದ್ದು ಒಳಗಿದೆ. ತೆಗೆದ ಮೇಲೆ ಅದೇ ಜಾಗದ ಮೇಲೆ ಡಿಟೆಕ್ಟರ್ ಮತ್ತೊಮ್ಮೆ. ಒಂದು ಮೊಳೆಯ ಕೆಳಗೆ ಇನ್ನೊಂದು ಇರುವುದು ತೋರಣದ ಪಟ್ಟಿಯಲ್ಲಿ ಮಾಮೂಲು. ಏನು ಮಾಡಿದರೂ ಬಾರದ್ದಕ್ಕೆ ಎರಡೂ ಮುಖದಲ್ಲಿ ಕೆಂಪು ಪೇಂಟ್ ಹಚ್ಚಿ, ಆ ತುಂಡನ್ನು ಕೈಗರಗಸಕ್ಕೆ ಬಿಡಿ.

ಬ್ಲೇಡಿನ ಲೆಕ್ಕಾಚಾರ

ಹಳೆ ಮರದ ಮೊದಲ ಪದರ ತೆಗೆಯಲು ನಿಮ್ಮ ಒಳ್ಳೆಯ ಬ್ಲೇಡು ಬೇಡ. ಸವೆದದ್ದನ್ನು ಇದಕ್ಕೆಂದೇ ಎತ್ತಿಡಿ. ಬ್ಯಾಂಡ್‌ಸಾಗೆ ಬೈಮೆಟಲ್ ಪಟ್ಟಿ ಸಾಮಾನ್ಯ ಕಾರ್ಬನ್ ಉಕ್ಕಿನದಕ್ಕಿಂತ ಮೊಳೆಯ ಏಟು ತಾಳಿಕೊಳ್ಳುತ್ತದೆ. ಸರ್ಕ್ಯುಲರ್ ಸಾಗೆ ಕಟ್ಟಡ ಕೆಡವುವವರು ಬಳಸುವ, ಹಲ್ಲು ಮುಂದಕ್ಕೆ ಹೆಚ್ಚು ಬಾಗಿರದ ಬ್ಲೇಡು ಸಿಗುತ್ತದೆ. ಕೊಯ್ತ ಒರಟು, ಆದರೆ ಮೊಳೆ ಸಿಕ್ಕರೂ ಹಲ್ಲು ಹಾರುವುದು ಕಡಿಮೆ.

ಪ್ಲೇನರ್ ಬ್ಲೇಡಿನ ಮುಕ್ಕು ಅರ್ಧ ಮಿಲಿಮೀಟರ್ ಆಳವಿದ್ದರೆ ಸಾಣೆಯಲ್ಲಿ ಇಡೀ ಅಂಚನ್ನೇ ಅರ್ಧ ಮಿಲಿಮೀಟರ್ ತಿನ್ನಿಸಬೇಕು, ಅದೂ ಎಲ್ಲ ಬ್ಲೇಡುಗಳನ್ನು ಸಮನಾಗಿ. ಇಲ್ಲದಿದ್ದರೆ ಉರುಳೆಯ ತೂಕ ತಪ್ಪಿ ಮೆಷಿನ್ ನಡುಗುತ್ತದೆ. ಉದ್ದ ಬ್ಲೇಡಿನ ಬದಲು ಸಣ್ಣ ಚೌಕ ಬಿಲ್ಲೆಗಳನ್ನು ಕೂರಿಸಿದ ಉರುಳೆ ಇರುವವರು ಅದೃಷ್ಟವಂತರು, ಏಟು ತಿಂದ ಬಿಲ್ಲೆಯನ್ನು ಕಾಲು ಸುತ್ತು ತಿರುಗಿಸಿದರೆ ಹೊಸ ಅಂಚು. ಹಳೆ ಮರವೇ ಕಸುಬಾದವರಿಗೆ ಆ ಖರ್ಚು ದಂಡವಲ್ಲ ಎಂದೇ ನನ್ನ ಅಭಿಪ್ರಾಯ.

ಕಪ್ಪು ಕಲೆ ಉಳಿದರೆ

ಮೊಳೆ ಬಂದರೂ ಸುತ್ತಿನ ಕಪ್ಪು ಪಾಲಿಶಿನಡಿ ಎದ್ದುಕಾಣುತ್ತದೆ. ಆಕ್ಸಾಲಿಕ್ ಆಸಿಡ್ ಪುಡಿಯನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೆಚ್ಚಗಿನ ನೀರಿಗೆ ಕರಗಿಸಿ ಹಚ್ಚಿದರೆ ಕಬ್ಬಿಣದ ಕಲೆ ತಿಳಿಯಾಗುತ್ತದೆ. ಇದು ವಿಷ. ಕೈಗವಸು ಬೇಕು, ಮಕ್ಕಳ ಕೈಗೆ ಸಿಗಬಾರದು, ಮರವನ್ನು ನೀರಿನಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆಯದೆ ಉಜ್ಜುಕಾಗದ ಹಾಕಬಾರದು, ಹಾಕಿದರೆ ಆ ಪುಡಿಯೇ ಮೂಗಿಗೆ ಹೋಗುತ್ತದೆ. ಒದ್ದೆ ಮರವನ್ನು ಉಕ್ಕಿನ ನಾರಿನಿಂದ ಉಜ್ಜುವುದೂ ಬೇಡ, ಅದರ ಪುಡಿ ಕೂತು ಹೊಸ ಚುಕ್ಕೆಗಳ ರಾಶಿಯೇ ಏಳುತ್ತದೆ. ಚೆನ್ನಾಗಿ ಒಣಗಿದ ಮೇಲೂ ಅದೇ ಜಾಗ ಮತ್ತೆ ಕಪ್ಪಾಗತೊಡಗಿದರೆ ಮುರಿದ ತುದಿಯೊಂದು ಒಳಗೆ ಉಳಿದಿದೆ. ಪಾಲಿಶ್ ಡಬ್ಬ ಮುಚ್ಚಿ ಡಿಟೆಕ್ಟರ್ ತನ್ನಿ.